ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ: ದೂರು ಬರುವ ಮೊದಲು ಮತ್ತು ಬಂದ ಮೇಲೆ ಮಾಲೀಕರು ಮಾಡಬೇಕಾದ್ದು

ಮೊದಲು ತಲೆ ಎಣಿಸಿ. ನಿಮ್ಮದು ಗಾರ್ಮೆಂಟ್ಸ್ ಘಟಕವಿರಲಿ, ನರ್ಸಿಂಗ್ ಹೋಮ್ ಇರಲಿ, ಶಾಲೆಯಿರಲಿ, ಸೀರೆ ಅಂಗಡಿಯಿರಲಿ, ಹತ್ತು ಜನ ದುಡಿಯುತ್ತಿದ್ದರೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಈ ಹತ್ತರಲ್ಲಿ ಗಂಡಸರು, ಹೆಂಗಸರು ಇಬ್ಬರೂ ಸೇರುತ್ತಾರೆ. ಕಾಯಂ ನೌಕರರು ಮಾತ್ರವಲ್ಲ, ದಿನಗೂಲಿಯವರು, ಅಪ್ರೆಂಟಿಸ್‌ಗಳು, ತರಬೇತಿಗೆ ಬಂದವರು, ಏಜೆನ್ಸಿ ಕಳಿಸಿದ ಹೌಸ್‌ಕೀಪಿಂಗ್ ಮತ್ತು ಸೆಕ್ಯುರಿಟಿಯವರು ಎಲ್ಲರೂ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಲೆಕ್ಕದಲ್ಲಿ ಉದ್ಯೋಗಿಗಳೇ. 'ಅವರು ನಮ್ಮ ಪೇರೋಲ್‌ನಲ್ಲಿಲ್ಲ' ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

1997ರಲ್ಲಿ ಸುಪ್ರೀಂ ಕೋರ್ಟ್ ವಿಶಾಖಾ ಪ್ರಕರಣದಲ್ಲಿ ಮಾರ್ಗಸೂಚಿ ಕೊಟ್ಟಿತು. ಅದರ ಹಿಂದೆ ಇದ್ದದ್ದು ರಾಜಸ್ಥಾನದ ಹಳ್ಳಿಯೊಂದರಲ್ಲಿ ಬಾಲ್ಯವಿವಾಹ ತಡೆಯುವ ಸರ್ಕಾರಿ ಕೆಲಸ ಮಾಡುತ್ತಿದ್ದ ಭಂವರಿ ದೇವಿಯವರ ಮೇಲೆ ನಡೆದ ಸಾಮೂಹಿಕ ಅತ್ಯಾಚಾರ. ಮಾರ್ಗಸೂಚಿ ಕಾಯ್ದೆಯಾಗಿ ಜಾರಿಗೆ ಬಂದದ್ದು 2013ರ ಡಿಸೆಂಬರ್ 9ರಂದು. ಇಷ್ಟು ವರ್ಷ ಕಳೆದರೂ ಎಷ್ಟೋ ಕಡೆ ಸಮಿತಿ ಇರುವುದು ಫೈಲಿನಲ್ಲಿ ಮಾತ್ರ. ಮೊದಲ ದೂರು ಬಂದ ದಿನ ಯಾರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. ಆ ಗೊಂದಲದಲ್ಲಿ ಆಗುವ ತಪ್ಪುಗಳೇ ದೂರು ಕೊಟ್ಟವಳನ್ನು ಎರಡನೇ ಸಲ ಘಾಸಿಗೊಳಿಸುತ್ತವೆ. ತಯಾರಿ ಮೊದಲೇ ಆಗಿರಬೇಕು ಅನ್ನುವುದು ಅದಕ್ಕೇ.

ಸಮಿತಿ ಕಟ್ಟುವುದು

ಕಾನೂನು ಕೇಳುವುದು ಕನಿಷ್ಠ ನಾಲ್ಕು ಜನ: ಹಿರಿಯ ಹುದ್ದೆಯ ಮಹಿಳೆಯೊಬ್ಬರು ಅಧ್ಯಕ್ಷೆ, ನೌಕರರಿಂದ ಇಬ್ಬರು, ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯಿಂದ ಅಥವಾ ಈ ವಿಷಯ ಬಲ್ಲ ಹೊರಗಿನಿಂದ ಒಬ್ಬರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಆದರೆ ನಾಲ್ಕಕ್ಕೇ ನಿಲ್ಲಿಸಬೇಡಿ, ಐದು ಅಥವಾ ಆರು ಮಾಡಿ. ವಿಚಾರಣೆಗೆ ಅಧ್ಯಕ್ಷೆಯೂ ಸೇರಿ ಕನಿಷ್ಠ ಮೂವರು ಕೂತಿರಬೇಕು. ಒಬ್ಬರು ಹೆರಿಗೆ ರಜೆಯಲ್ಲಿದ್ದು, ಇನ್ನೊಬ್ಬರು ಆರೋಪಿತನ ಕೈಕೆಳಗಿನವರಾಗಿದ್ದು ಹಿಂದೆ ಸರಿದರೆ, ನಾಲ್ವರ ಸಮಿತಿ ಅಲ್ಲಿಗೇ ನಿಂತುಹೋಗುತ್ತದೆ.

ಎರಡು ಊರುಗಳಲ್ಲಿ ಶಾಖೆಯಿದ್ದರೆ ಎರಡು ಸಮಿತಿ ಬೇಕು. ಪೀಣ್ಯದ ಮುಖ್ಯ ಕಚೇರಿಯ ಸಮಿತಿ ಮದ್ದೂರಿನ ಘಟಕಕ್ಕೂ ಸಾಕು ಎಂದುಕೊಳ್ಳುವುದು ಪದೇ ಪದೇ ಕಾಣುವ ತಪ್ಪು. ಶಾಖೆಯಲ್ಲಿ ಹಿರಿಯ ಹುದ್ದೆಯ ಮಹಿಳೆ ಇಲ್ಲದಿದ್ದರೆ ಅಧ್ಯಕ್ಷೆಯನ್ನು ನಿಮ್ಮದೇ ಬೇರೆ ಕಚೇರಿಯಿಂದ ನೇಮಿಸಬಹುದು, ಅದಕ್ಕೆ ಕಾಯ್ದೆಯಲ್ಲೇ ಅವಕಾಶವಿದೆ.

ಯಾರನ್ನು ಹಾಕಬಾರದು ಅನ್ನುವುದೂ ಅಷ್ಟೇ ಮುಖ್ಯ. ಮಾಲೀಕರ ಹೆಂಡತಿ ಅಥವಾ ತಂಗಿಯನ್ನು ಅಧ್ಯಕ್ಷೆ ಮಾಡಿದರೆ ಯಾವ ಹೆಣ್ಣುಮಗಳೂ ಬಾಯಿ ಬಿಡುವುದಿಲ್ಲ. ಸಂಸ್ಥೆಯ ಲೇಬರ್ ಕೇಸು ನೋಡುವ ವಕೀಲರನ್ನೇ ಹೊರಗಿನ ಸದಸ್ಯರನ್ನಾಗಿ ಮಾಡಿದರೆ, ನಾಳೆ ಅವರು ಯಾರ ಪರ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಹೊರಗಿನ ಸದಸ್ಯೆಗೆ ನಿಯಮದ ಪ್ರಕಾರ ದಿನಕ್ಕೆ 200 ರೂಪಾಯಿ ಭತ್ಯೆ ಮತ್ತು ಪ್ರಯಾಣದ ಖರ್ಚು ಸಲ್ಲುತ್ತದೆ. ಈ ಮೊತ್ತಕ್ಕೆ ಅನುಭವಸ್ಥರು ದಿನಗಟ್ಟಲೆ ಕೂರಲಾರರು. ಹೆಚ್ಚಿನ ಸಂಭಾವನೆ ಕೊಡಿ, ಅದು ಎಲ್ಲ ಪ್ರಕರಣಕ್ಕೂ ಒಂದೇ ಇರಲಿ, ಮೊದಲೇ ಲಿಖಿತವಾಗಿ ನಿಗದಿಯಾಗಿರಲಿ.

ನೇಮಕದ ಆದೇಶ ಲಿಖಿತವಾಗಿರಬೇಕು: ಹೆಸರು, ಹುದ್ದೆ, ಫೋನ್, ನೇಮಕದ ತಾರೀಖು, ಅವಧಿ. ಅವಧಿ ಮೂರು ವರ್ಷ ಮೀರುವಂತಿಲ್ಲ. ಅದು ಮುಗಿಯುವ ಎರಡು ತಿಂಗಳು ಮೊದಲೇ ಹೊಸ ಆದೇಶದ ತಯಾರಿ ಶುರುವಾಗಲಿ. ಅವಧಿ ಮುಗಿದ ಸಮಿತಿ ನಡೆಸಿದ ವಿಚಾರಣೆ ಕೋರ್ಟಿನಲ್ಲಿ ಬಿದ್ದುಹೋಗುವ ಅಪಾಯವಿದೆ.

ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಅದು ಹೋಗಬೇಕಾದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ವಿಳಾಸ ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ಸಿಗುತ್ತದೆ. ತಾಲ್ಲೂಕಿನ ನೋಡಲ್ ಅಧಿಕಾರಿ ದೂರು ಪಡೆದರೆ ಏಳು ದಿನದೊಳಗೆ ಸ್ಥಳೀಯ ಸಮಿತಿಗೆ ಕಳಿಸಬೇಕು. ಈ ವಿಳಾಸವನ್ನು ನಿಮ್ಮ ನೋಟಿಸ್ ಬೋರ್ಡಿನಲ್ಲಿ ನೀವೇ ಹಾಕಬೇಕು. ತನ್ನ ಮೇಲೆಯೇ ದೂರು ಕೊಡುವ ದಾರಿಯನ್ನು ಮಾಲೀಕ ತಾನೇ ತೋರಿಸಿದಾಗ ಬೋರ್ಡಿನ ಉಳಿದ ಮಾತುಗಳ ಮೇಲೂ ನೌಕರರಿಗೆ ನಂಬಿಕೆ ಬರುತ್ತದೆ.

ನೀತಿ, ಬೋರ್ಡು, ಭಾಷೆ

ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಇಪ್ಪತ್ತು ಪುಟದ ಇಂಗ್ಲಿಷ್ ಪಾಲಿಸಿಯನ್ನು ಯಾರೂ ಓದುವುದಿಲ್ಲ. ಎರಡು ಪುಟದ ಕನ್ನಡ ನೀತಿ ಬರೆಯಿರಿ. ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯ ಹೆಣ್ಣುಮಕ್ಕಳು ಹಾಸ್ಟೆಲಿನಲ್ಲಿದ್ದು ಹೊಲಿಗೆ ಕೆಲಸ ಮಾಡುತ್ತಿದ್ದರೆ ಹಿಂದಿ, ಒಡಿಯಾ, ಅಸ್ಸಾಮಿಯಲ್ಲೂ ಬೇಕು. ಓದು ಬಾರದವರಿಗೆ ಅದನ್ನೇ ಎರಡು ನಿಮಿಷದ ಧ್ವನಿಮುದ್ರಣ ಮಾಡಿ ವಾಟ್ಸಾಪಿನಲ್ಲಿ ಕಳಿಸಿ.

ಕಾಯ್ದೆ ಐದು ಬಗೆಯ ನಡವಳಿಕೆಯನ್ನು ಹೆಸರಿಸುತ್ತದೆ: ಒಲ್ಲದ ಮೈಮುಟ್ಟುವಿಕೆ ಮತ್ತು ಮುನ್ನುಗ್ಗುವಿಕೆ, ಲೈಂಗಿಕ ಬೇಡಿಕೆ, ಲೈಂಗಿಕ ಧಾಟಿಯ ಮಾತು, ಅಶ್ಲೀಲ ಚಿತ್ರ ತೋರಿಸುವುದು, ಮತ್ತು ಮಾತು, ಸನ್ನೆ, ನೋಟ ಯಾವುದರಿಂದಾದರೂ ಆಗುವ ಬೇರೆ ಒಲ್ಲದ ಲೈಂಗಿಕ ವರ್ತನೆ. ನೀತಿಯಲ್ಲಿ ಇಷ್ಟೇ ಬರೆದರೆ ಯಾರಿಗೂ ತಮ್ಮ ಅನುಭವ ಅದರಲ್ಲಿ ಕಾಣುವುದಿಲ್ಲ. ನಿಮ್ಮ ಜಾಗದ ಉದಾಹರಣೆ ಕೊಡಿ. ಹೊಲಿಗೆ ತೋರಿಸುವ ನೆಪದಲ್ಲಿ ಹಿಂದಿನಿಂದ ಬಾಗಿ ಮೈಗೆ ಮೈ ತಾಗಿಸುವುದು. 'ನಂಬರ್ ಕೊಡು, ರಜೆ ಚೀಟಿಗೆ ಸೈನ್ ಹಾಕ್ತೀನಿ' ಅನ್ನುವುದು. ರಾತ್ರಿ ಹನ್ನೊಂದಕ್ಕೆ 'ಮಲಗಿದ್ಯಾ' ಎಂದು ಮತ್ತೆ ಮತ್ತೆ ಮೆಸೇಜು. ಸಿಬ್ಬಂದಿಯ ಗ್ರೂಪಿನಲ್ಲಿ ಕೊಳಕು ಜೋಕು, ವಿಡಿಯೋ. ಮೆಟ್ಟಿಲಲ್ಲಿ ದಾರಿ ಬಿಡದೆ ನಿಲ್ಲುವುದು. ಒಪ್ಪದಿದ್ದಕ್ಕೆ ಟಾರ್ಗೆಟ್ ಏರಿಸುವುದು ಅಥವಾ ಪ್ರೊಬೇಷನ್ ಮುಂದೂಡುವುದು. 'ಸುಮ್ನೆ ತಮಾಷೆಗೆ ಅಂದೆ' ಅನ್ನುವುದು ಸಮರ್ಥನೆಯಲ್ಲ, ಆಕೆಗೆ ಅದು ಬೇಡವಾಗಿತ್ತೇ ಅನ್ನುವುದೇ ಪ್ರಶ್ನೆ ಎಂದು ಸ್ಪಷ್ಟವಾಗಿ ಬರೆಯಿರಿ.

ಕೆಲಸದ ಜಾಗ ಎಂದರೆ ಕಟ್ಟಡ ಮಾತ್ರವಲ್ಲ ಎಂಬುದೂ ಅಲ್ಲಿರಲಿ. ಕಂಪನಿ ಕ್ಯಾಬು, ಗ್ರಾಹಕರ ಕಚೇರಿ, ಟೂರಿನ ಲಾಡ್ಜು ಇವೂ ಸೇರುತ್ತವೆ. ಕಾಯ್ದೆಯ ರಕ್ಷಣೆ ಮಹಿಳೆಯರಿಗಾಗಿ ಇದೆ. ಅದು ಉದ್ಯೋಗಿಗೆ ಮಾತ್ರವಲ್ಲ, ನಿಮ್ಮಲ್ಲಿಗೆ ಬಂದ ಗ್ರಾಹಕಿಗೆ, ರೋಗಿಗೆ, ಸಂದರ್ಶನಕ್ಕೆ ಬಂದ ಹುಡುಗಿಗೂ ಇದೆ. ಗಂಡಸರ ಮತ್ತು ತೃತೀಯ ಲಿಂಗಿ ನೌಕರರ ದೂರಿಗೂ ನಿಮ್ಮ ಸೇವಾ ನಿಯಮದಲ್ಲಿ ದಾರಿ ಮಾಡಿಕೊಡುವುದು ಒಳ್ಳೆಯದು.

'ಸುಳ್ಳು ದೂರು ಕೊಟ್ಟರೆ ಕ್ರಮ' ಎಂಬ ಸಾಲನ್ನು ಬೋರ್ಡಿನ ಮೇಲ್ಗಡೆ ದಪ್ಪಕ್ಷರದಲ್ಲಿ ಹಾಕಬೇಡಿ. ಅದೊಂದೇ ಸಾಲು ನಿಜವಾದ ಹತ್ತು ದೂರುಗಳನ್ನು ಬಾಯಲ್ಲೇ ತಡೆಯುತ್ತದೆ.

ಬೋರ್ಡನ್ನು ಎಚ್‌ಆರ್ ಕೋಣೆಯ ಪಕ್ಕದಲ್ಲಿ ಹಾಕಿದರೆ ಅದರ ಮುಂದೆ ನಿಂತು ಓದುವ ಧೈರ್ಯ ಯಾರಿಗೂ ಬರುವುದಿಲ್ಲ. ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಒಂದು ಇರಲೇಬೇಕು, ಅದು ಕಾನೂನು. ಜೊತೆಗೆ ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೆ, ಹಾಸ್ಟೆಲಿಗೆ, ಕ್ಯಾಬಿಗೆ ಒಂದೊಂದು ಪ್ರತಿ ಅಂಟಿಸಿ. ಅಲ್ಲಿ ನಿಂತರೆ ಫೋಟೋ ತೆಗೆದುಕೊಳ್ಳಬಹುದು, ಯಾರೂ ನೋಡುವುದಿಲ್ಲ.

ಕಿರುಕುಳಕ್ಕೆ ಜಾಗ ಕೊಡುವ ಸಂದರ್ಭಗಳು

ಸಮಿತಿಯವರು ಒಂದು ದಿನ ಪೂರ್ತಿ ಪಾಳಿಯಲ್ಲಿ ಓಡಾಡಲಿ, ರಾತ್ರಿ ಪಾಳಿ ಇದ್ದರೆ ಅದರಲ್ಲೂ. ಎಲ್ಲಿ ಒಬ್ಬನ ಕೈಯಲ್ಲಿ ಅಧಿಕಾರವಿದೆಯೋ, ಅದೇ ಹೊತ್ತಿಗೆ ಹೆಣ್ಣುಮಗಳು ಒಂಟಿಯಾಗಿರುತ್ತಾಳೋ ಅದನ್ನು ಗುರುತು ಹಾಕಿಕೊಳ್ಳಲಿ. ಸ್ಟೋರ್ ರೂಮು, ಡಾಕ್ಟರ ಡ್ಯೂಟಿ ರೂಮು, ಕ್ಯಾಬಿನ ಕೊನೆಯ ಡ್ರಾಪು, ಗೇಟಿನ ತಪಾಸಣೆ ಹೀಗೆ.

ಪರಿಹಾರಗಳು ಹೆಚ್ಚಿನವು ಅಗ್ಗ. ಕೊನೆಯ ಡ್ರಾಪು ಒಂಟಿ ಮಹಿಳೆಯದಾಗದಂತೆ ಮಾರ್ಗ ಬದಲಿಸಿ. ಹೆಂಗಸರ ತಪಾಸಣೆಗೆ ಮಹಿಳಾ ಗಾರ್ಡೇ ಇರಲಿ. ಸ್ಟೋರಿನ ಬಾಗಿಲಿಗೆ ಗಾಜು ಹಾಕಿಸಿ. ಎಲ್ಲಕ್ಕಿಂತ ಹೆಚ್ಚು ಪರಿಣಾಮ ಕಾಣುವುದು ರಜೆ, ಗೇಟ್ ಪಾಸ್, ಓವರ್‌ಟೈಮ್ ಹಂಚಿಕೆಯನ್ನು ಒಬ್ಬನೇ ಸೂಪರ್‌ವೈಸರ್ ಕೈಯಿಂದ ತೆಗೆದಾಗ. ಎರಡನೆಯವರ ಸಹಿ ಅಥವಾ ನೇರವಾಗಿ ಕಚೇರಿಗೆ ಅರ್ಜಿ ಕೊಡುವ ವ್ಯವಸ್ಥೆ ಬಂದರೆ 'ನಾನು ಹೇಳಿದಂತೆ ಕೇಳಿದರೆ ರಜೆ' ಅನ್ನುವ ಚೌಕಾಸಿಗೆ ಎಡೆಯೇ ಇರುವುದಿಲ್ಲ.

ತರಬೇತಿಯನ್ನು ಮೂರು ಗುಂಪಾಗಿ ಮಾಡಿ. ಎಲ್ಲ ನೌಕರರಿಗೆ ಒಂದು, ಸೂಪರ್‌ವೈಸರ್ ಮತ್ತು ಮ್ಯಾನೇಜರುಗಳಿಗೆ ಬೇರೆ, ಸಮಿತಿಗೆ ಇನ್ನೊಂದು. ಸಮಿತಿಯ ತರಬೇತಿ ಕಾಲ್ಪನಿಕ ದೂರೊಂದನ್ನು ಇಟ್ಟುಕೊಂಡು ಹೇಳಿಕೆ ದಾಖಲಿಸುವುದರಿಂದ ವರದಿ ಬರೆಯುವವರೆಗೆ ಪೂರ್ತಿ ಅಭ್ಯಾಸ ಮಾಡಿಸುವಂತಿರಲಿ. ಹೊಸಬರು ಸೇರಿದ ಮೊದಲ ವಾರದಲ್ಲೇ ಅವರಿಗೆ ಸಮಿತಿಯವರನ್ನು ಮುಖತಃ ಪರಿಚಯಿಸಿ.

ದೂರು ಬಂದ ದಿನ

ಆಕೆ ಮೊದಲು ಹೇಳಿಕೊಳ್ಳುವುದು ಸಾಮಾನ್ಯವಾಗಿ ಸಮಿತಿಯ ಮುಂದಲ್ಲ, ನಂಬಿಕೆಯ ಹಿರಿಯಳೊಬ್ಬಳ ಹತ್ತಿರ, ಇಲ್ಲವೇ ಎಚ್‌ಆರ್ ಹತ್ತಿರ. ಕೇಳಿಸಿಕೊಂಡವರು ಮಾಡಬಾರದ ಮೊದಲ ಕೆಲಸ 'ಇರು, ನಾನೇ ಅವನ ಹತ್ತಿರ ಮಾತಾಡ್ತೀನಿ' ಎಂದು ಎದ್ದು ಹೋಗುವುದು. ಅದರಿಂದ ಆರೋಪಿತನಿಗೆ ಮೆಸೇಜು ಅಳಿಸಲು, ಸಾಕ್ಷಿಗಳನ್ನು ಹೆದರಿಸಲು ಸಮಯ ಸಿಗುತ್ತದೆ. ಆಕೆ ಹೇಳುವುದನ್ನು ಪೂರ್ತಿ ಕೇಳಿ, ಸಮಿತಿಯ ದಾರಿ ತಿಳಿಸಿ, ಆಕೆ ಒಪ್ಪಿದರೆ ಅಲ್ಲಿಗೆ ಕರೆದುಕೊಂಡು ಹೋಗಿ.

ದೂರು ಲಿಖಿತವಾಗಿರಬೇಕು. ಬರೆಯಲು ಬಾರದಿದ್ದರೆ, ಕೈ ನಡುಗುತ್ತಿದ್ದರೆ, ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕಾನೂನುಬದ್ಧ ಕರ್ತವ್ಯ. ಆಕೆಯ ಮಾತಿನಲ್ಲೇ ಬರೆದು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ತಾರೀಖು, ಸಮಯ, ಜಾಗ, ಆಡಿದ ಮಾತು ಆಡಿದ ಹಾಗೆಯೇ, ಯಾರಿದ್ದರು, ಆಮೇಲೆ ಯಾರಿಗೆ ಹೇಳಿದಳು ಇಷ್ಟು ಬರಬೇಕು. ನಿಯಮ ಆರು ಪ್ರತಿ ಕೇಳುತ್ತದೆ. ಆರು ಪ್ರತಿ ತಾ ಎಂದು ಆಕೆಯನ್ನು ಜೆರಾಕ್ಸ್ ಅಂಗಡಿಗೆ ಕಳಿಸಬೇಡಿ, ಬಾಗಿಲು ಹಾಕಿಕೊಂಡು ನೀವೇ ತೆಗೆಸಿ. ತಾರೀಖು ಹಾಕಿದ ಸ್ವೀಕೃತಿ ಕೊಡಿ.

ಘಟನೆಯಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು. ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಡವಾಗಲು ಕಾರಣವಿದ್ದರೆ ಸಮಿತಿ ಅದನ್ನು ಬರೆದಿಟ್ಟು ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಕೆಲಸ ಹೋಗುವ ಭಯ, ಮನೆಯವರ ಒತ್ತಡ, ಊರಿಗೆ ಹೋಗಿದ್ದು ಇವೆಲ್ಲ ಕಾರಣಗಳೇ.

ಅದೇ ದಿನ ಸಾಕ್ಷ್ಯ ಕಾಪಾಡಿ. ಸಿಸಿಟಿವಿಯ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತದೆ, ಕೆಲವು ಕಡೆ ವಾರ ಎರಡು ವಾರದಲ್ಲೇ ಅಳಿಸಿಹೋಗುತ್ತದೆ. ಸಂಬಂಧಪಟ್ಟ ಕ್ಯಾಮೆರಾದ ದೃಶ್ಯವನ್ನು ಬೇರೆ ಡಿಸ್ಕಿಗೆ ಇಳಿಸಿ ಮುಚ್ಚಿದ ಲಕೋಟೆಯಲ್ಲಿ ಅಧ್ಯಕ್ಷೆಯ ಕೈಗೆ ಕೊಡಿ. ಹಾಜರಿ, ಗೇಟ್ ರಿಜಿಸ್ಟರ್, ಕ್ಯಾಬಿನ ಜಿಪಿಎಸ್ ದಾಖಲೆ, ಕಚೇರಿ ಇಮೇಲ್ ಇವೂ ಸೇರಲಿ. ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಮೂಲ ಚಾಟನ್ನು ಅಳಿಸದಿರಲು ಆಕೆಗೆ ಹೇಳಿ.

ಪೊಲೀಸರ ವಿಷಯ. ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಲೈಂಗಿಕ ಕಿರುಕುಳವನ್ನು, 78 ಹಿಂಬಾಲಿಸಿ ಕಾಡುವುದನ್ನು ಅಪರಾಧ ಎನ್ನುತ್ತದೆ. ಸಮಿತಿಗೆ ದೂರು ಕೊಟ್ಟರೆ ಪೊಲೀಸರಿಗೆ ಕೊಡಬಾರದೆಂದೇನಿಲ್ಲ, ಎರಡೂ ಒಟ್ಟಿಗೆ ನಡೆಯಬಹುದು. ಆಕೆ ಪೊಲೀಸರಿಗೆ ಹೋಗುತ್ತೇನೆಂದರೆ ನೆರವಾಗುವುದು ಮಾಲೀಕರ ಕರ್ತವ್ಯ. ಆರೋಪಿತ ಹೊರಗಿನವನಾಗಿದ್ದರೂ, ಅಂದರೆ ಗ್ರಾಹಕನೋ ಸರಕು ತರುವ ಡ್ರೈವರೋ ಆಗಿದ್ದರೂ ಇದು ಅನ್ವಯ. ದೈಹಿಕ ದೌರ್ಜನ್ಯ ನಡೆದಿದ್ದರೆ ಮೊದಲು ಆಸ್ಪತ್ರೆ, ವೈದ್ಯಕೀಯ ಪರೀಕ್ಷೆ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181.

ವಿಚಾರಣೆ ಮುಗಿಯುವವರೆಗೆ ಇಬ್ಬರೂ ಒಂದೇ ಲೈನಿನಲ್ಲಿ ಕೂರುವುದು ಹೇಗೆ? ಆಕೆ ಲಿಖಿತವಾಗಿ ಕೇಳಿದರೆ ಸಮಿತಿ ಇಬ್ಬರಲ್ಲಿ ಒಬ್ಬರನ್ನು ವರ್ಗಾಯಿಸಲು, ಆಕೆಗೆ ಮೂರು ತಿಂಗಳವರೆಗೆ ರಜೆ ಕೊಡಲು, ಆಕೆಯ ಕೆಲಸದ ಮೌಲ್ಯಮಾಪನವನ್ನು ಆರೋಪಿತನ ಕೈಯಿಂದ ತೆಗೆಯಲು ಶಿಫಾರಸು ಮಾಡಬಹುದು. ಈ ರಜೆ ಆಕೆಯ ಹಕ್ಕಿನ ರಜೆಯಲ್ಲಿ ಕಳೆಯುವಂತಿಲ್ಲ. 'ನಿನ್ನ ಒಳ್ಳೆಯದಕ್ಕೇ' ಎಂದು ಆಕೆಯನ್ನೇ ದೂರದ ಘಟಕಕ್ಕೆ ಎಸೆಯುವುದು ಬೇಡ. ಆಕೆಗೆ ಏನು ಬೇಕೆಂದು ಕೇಳಿ. ಸಾಧ್ಯವಾದಷ್ಟು ಜಾಗ ಬದಲಿಸಬೇಕಾದವನು ಆರೋಪಿತನೇ.

ರಾಜಿ ಎಂಬ ಬಲೆ

ರಾಜಿ ಸಂಧಾನಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ವಿಚಾರಣೆ ಶುರುವಾಗುವ ಮೊದಲು, ಆಕೆ ತಾನಾಗಿ ಕೇಳಿದರೆ ಮಾತ್ರ. ಹಣ ಕೊಟ್ಟು ಮುಗಿಸುವುದು ರಾಜಿಯ ಆಧಾರವಾಗುವಂತಿಲ್ಲ. ನಮ್ಮಲ್ಲಿ ನಡೆಯುವುದು ಇದರ ತಿರುಗಾಮುರುಗ: ನಾಲ್ಕು ಜನ ಹಿರಿಯರು ಕೂತು 'ಅವನಿಗೂ ಹೆಂಡತಿ ಮಕ್ಕಳಿದ್ದಾರಮ್ಮ, ದೊಡ್ಡದು ಮಾಡಬೇಡ' ಎಂದು ಪಂಚಾಯ್ತಿ ಮಾಡಿ, ಹಾಳೆಯೊಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಹಾಳೆಗೆ ಬೆಲೆಯಿಲ್ಲ, ಆಕೆಯ ಮೇಲೆ ಹಾಕಿದ ಒತ್ತಡಕ್ಕೆ ಅದೇ ಸಾಕ್ಷಿಯಾಗುತ್ತದೆ. ಆಕೆಯೇ ಕೇಳಿ ರಾಜಿಯಾದರೆ ಷರತ್ತುಗಳನ್ನು ಬರೆದು ಇಬ್ಬರಿಗೂ ಪ್ರತಿ ಕೊಡಿ. ಅವನು ಷರತ್ತು ಮುರಿದರೆ ವಿಚಾರಣೆ ಮತ್ತೆ ತೆರೆಯುತ್ತದೆ.

ವಿಚಾರಣೆ

ಕ್ಯಾಲೆಂಡರನ್ನು ಮೊದಲ ದಿನವೇ ಬರೆದಿಡಿ:

ದೂರು ಬಂದ 7 ಕೆಲಸದ ದಿನದೊಳಗೆ ಅದರ ಪ್ರತಿ ಆರೋಪಿತನಿಗೆ.
ಅದು ತಲುಪಿದ 10 ಕೆಲಸದ ದಿನದೊಳಗೆ ಅವನ ಉತ್ತರ, ದಾಖಲೆ, ಸಾಕ್ಷಿಗಳ ಪಟ್ಟಿ.
90 ದಿನದಲ್ಲಿ ವಿಚಾರಣೆ ಪೂರ್ತಿ.
ಮುಗಿದ 10 ದಿನದಲ್ಲಿ ವರದಿ ಮಾಲೀಕರಿಗೆ, ಇಬ್ಬರು ಪಕ್ಷಗಾರರಿಗೂ ಪ್ರತಿ.
ವರದಿ ಸಿಕ್ಕ 60 ದಿನದಲ್ಲಿ ಮಾಲೀಕರ ಕ್ರಮ.
ಶಿಫಾರಸು ಒಪ್ಪದವರಿಗೆ ಮೇಲ್ಮನವಿಗೆ 90 ದಿನ.

ಎಳೆದಾಡುವುದರಷ್ಟೇ ಅಪಾಯ ಆತುರದಲ್ಲೂ ಇದೆ. ಗೋವಾ ವಿಶ್ವವಿದ್ಯಾಲಯದ ಅಧ್ಯಾಪಕ ಔರೆಲಿಯಾನೊ ಫರ್ನಾಂಡಿಸ್ ಪ್ರಕರಣದಲ್ಲಿ ಸಮಿತಿ 2009ರಲ್ಲಿ ಕೆಲವೇ ದಿನಗಳಲ್ಲಿ ಸಾಲುಸಾಲು ಸಭೆ ನಡೆಸಿ ವಿಚಾರಣೆ ಮುಗಿಸಿಬಿಟ್ಟಿತು, ಪ್ರತಿವಾದಕ್ಕೆ ಸಾಕಷ್ಟು ಸಮಯ ಕೊಡಲಿಲ್ಲ. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಆ ಕಾರಣಕ್ಕೇ ವಜಾ ಆದೇಶವನ್ನು ರದ್ದುಮಾಡಿ ಪ್ರಕರಣವನ್ನು ಸಮಿತಿಗೇ ವಾಪಸು ಕಳಿಸಿತು. ದೂರು ಕೊಟ್ಟವರ ಪಾಡು ಯೋಚಿಸಿ: ಹದಿನಾಲ್ಕು ವರ್ಷವಾದ ಮೇಲೆ ವಿಚಾರಣೆ ಮತ್ತೆ ಶುರು. ಆರೋಪಿತನಿಗೆ ಪೂರ್ತಿ ಅವಕಾಶ ಕೊಟ್ಟು ಅದನ್ನು ದಾಖಲಿಸಿದರೆ ದೂರು ಕೊಟ್ಟವಳಿಗೆ ಸಿಕ್ಕ ನ್ಯಾಯ ಮುಂದೆ ಕೋರ್ಟಿನಲ್ಲೂ ಉಳಿಯುತ್ತದೆ.

ಹಾಗಾಗಿ ಪ್ರತಿ ಸಭೆಗೂ ಲಿಖಿತ ನೋಟಿಸ್ ಕೊಡಿ. ಹೇಳಿಕೆಯನ್ನು ಅದೇ ದಿನ ಬರೆದು, ಓದಿಸಿ, ಪುಟಪುಟಕ್ಕೂ ಸಹಿ ಪಡೆಯಿರಿ. ಒಬ್ಬರು ಕೊಟ್ಟ ದಾಖಲೆ ಇನ್ನೊಬ್ಬರಿಗೆ ಸಿಗಬೇಕು. ಪಾಟೀಸವಾಲಿಗೆ ಅವಕಾಶ ಬೇಕು, ಆದರೆ ಮುಖಾಮುಖಿ ಕೂರಿಸಬೇಕೆಂದಿಲ್ಲ. ಆರೋಪಿತ ಪ್ರಶ್ನೆಗಳನ್ನು ಬರೆದು ಕೊಡಲಿ, ಸಮಿತಿ ಅವನ್ನು ಆಕೆಗೆ ಕೇಳಿ ಉತ್ತರ ದಾಖಲಿಸಲಿ. ಆಕೆಯ ಹಿಂದಿನ ಸ್ನೇಹ, ಉಡುಪು, ಮದುವೆಯ ವಿಷಯಕ್ಕೆ ಕೈಹಾಕುವ ಪ್ರಶ್ನೆಯನ್ನು ಅಧ್ಯಕ್ಷೆ ತಿರಸ್ಕರಿಸಿ, ಯಾಕೆಂದು ಬರೆದಿಡಲಿ. ಯಾವ ಪಕ್ಷವೂ ವಕೀಲರನ್ನು ಕರೆತರುವಂತಿಲ್ಲ. ಯಾರಾದರೂ ಸಕಾರಣವಿಲ್ಲದೆ ಸತತ ಮೂರು ವಿಚಾರಣೆಗೆ ಬಾರದಿದ್ದರೆ, 15 ದಿನ ಮುಂಚೆ ಲಿಖಿತ ನೋಟಿಸ್ ಕೊಟ್ಟು, ದೂರನ್ನು ಮುಕ್ತಾಯಗೊಳಿಸುವ ಅಥವಾ ಏಕಪಕ್ಷೀಯವಾಗಿ ತೀರ್ಮಾನಿಸುವ ಅಧಿಕಾರ ಸಮಿತಿಗಿದೆ.

'ಕಣ್ಣಾರೆ ಕಂಡ ಸಾಕ್ಷಿ ಇಲ್ಲ' ಎಂದು ದೂರು ತಳ್ಳಿಹಾಕುವುದು ಸಮಿತಿಗಳ ಸಾಮಾನ್ಯ ತಪ್ಪು. ಕಿರುಕುಳ ನಾಲ್ಕು ಜನರ ಮುಂದೆ ನಡೆಯುವುದು ಅಪರೂಪ. ಕ್ರಿಮಿನಲ್ ಕೋರ್ಟಿನ ಹಾಗೆ ಸಂಶಯಾತೀತ ಪುರಾವೆ ಇಲ್ಲಿ ಬೇಕಿಲ್ಲ, ನಡೆದಿರುವ ಸಂಭವ ಹೆಚ್ಚೋ ನಡೆಯದಿರುವ ಸಂಭವ ಹೆಚ್ಚೋ ಎಂಬ ತೂಕ ಸಾಕು. ಆಕೆಯ ಮಾತು ಒಂದಕ್ಕೊಂದು ಹೊಂದುತ್ತದೆಯೇ, ಅಂದೇ ಯಾರಿಗಾದರೂ ಹೇಳಿದ್ದಳೇ, ಅದರ ನಂತರ ರಜೆ ಹಾಕಿದ್ದು, ಲೈನ್ ಬದಲಿಸಲು ಕೇಳಿದ್ದು ದಾಖಲೆಯಲ್ಲಿದೆಯೇ ನೋಡಿ. ವರದಿಯಲ್ಲಿ ಒಂದೊಂದು ಆರೋಪಕ್ಕೂ ಬೇರೆ ಬೇರೆ ತೀರ್ಮಾನ, ಪ್ರತಿ ತೀರ್ಮಾನಕ್ಕೂ ಕಾರಣ ಇರಬೇಕು.

ವರದಿ ಬಂದ ಮೇಲೆ

ಆರೋಪ ಸಾಬೀತಾದರೆ ಮಾಲೀಕರು ಶಿಫಾರಸನ್ನು ಜಾರಿ ಮಾಡಬೇಕು. ಇಷ್ಟವಿಲ್ಲವೆಂದು ಪಕ್ಕಕ್ಕಿಡುವ ಅಥವಾ ಮತ್ತೊಂದು ವಿಚಾರಣೆ ನಡೆಸುವ ಆಯ್ಕೆ ಇಲ್ಲ. ಲಿಖಿತ ಕ್ಷಮೆ, ಎಚ್ಚರಿಕೆ, ಬಡ್ತಿ ಅಥವಾ ಇನ್‌ಕ್ರಿಮೆಂಟ್ ತಡೆ, ಆಪ್ತಸಮಾಲೋಚನೆ, ಸಮುದಾಯ ಸೇವೆ, ವಜಾ ಇವು ನಿಯಮದಲ್ಲಿರುವ ಶಿಕ್ಷೆಗಳು. ನಿಮ್ಮ ಸೇವಾ ನಿಯಮದಲ್ಲಿ ಲೈಂಗಿಕ ಕಿರುಕುಳ ದುರ್ನಡತೆ ಎಂದು ಬರೆದಿರಬೇಕು, ಇಲ್ಲದಿದ್ದರೆ ಈಗಲೇ ಸೇರಿಸಿ. ಪರಿಹಾರದ ಮೊತ್ತ ನಿರ್ಧರಿಸುವಾಗ ಆಕೆ ಅನುಭವಿಸಿದ ಮಾನಸಿಕ ನೋವು, ಕಳೆದುಕೊಂಡ ಉದ್ಯೋಗಾವಕಾಶ, ಚಿಕಿತ್ಸೆಯ ಖರ್ಚು, ಆರೋಪಿತನ ಆದಾಯ, ಒಟ್ಟಿಗೋ ಕಂತಿನಲ್ಲೋ ಎಂಬುದನ್ನು ನೋಡಬೇಕು. ಅದನ್ನು ಅವನ ಸಂಬಳದಿಂದ ಕಡಿತ ಮಾಡಬಹುದು. ನಡುವೆಯೇ ರಾಜೀನಾಮೆ ಎಸೆದು ಹೋದನೆಂದು ವಿಚಾರಣೆ ನಿಲ್ಲಿಸಬೇಡಿ. ಕೆಲಸ ಬಿಟ್ಟವನಿಂದಲೂ ಪರಿಹಾರವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸುವ ದಾರಿ ಕಾಯ್ದೆಯಲ್ಲಿದೆ.

ಸಾಬೀತಾಗಲಿಲ್ಲ ಎಂದರೆ ದೂರು ಸುಳ್ಳು ಎಂದರ್ಥವಲ್ಲ. ಪುರಾವೆ ಸಾಲದೆ ಹೋದದ್ದಕ್ಕೆ ಆಕೆಯ ಮೇಲೆ ಕ್ರಮ ಕೈಗೊಳ್ಳಬೇಕಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ದುರುದ್ದೇಶವಿತ್ತು ಎಂದು ಹೇಳಬೇಕಾದರೆ ಅದಕ್ಕೇ ಪ್ರತ್ಯೇಕ ವಿಚಾರಣೆ ನಡೆದು ಸ್ಥಾಪಿತವಾಗಬೇಕು.

ಹೆಸರು, ವಿಳಾಸ, ವಿಚಾರಣೆಯ ವಿವರ ಹೊರಗೆ ಬಿಟ್ಟವರಿಗೆ 5,000 ರೂಪಾಯಿ ದಂಡ. ಸೋರಿಕೆ ಹೆಚ್ಚಾಗಿ ಆಗುವುದು ದುರುದ್ದೇಶದಿಂದಲ್ಲ, ಪ್ರಿಂಟರ್ ಮೇಲೆ ಬಿಟ್ಟ ಹಾಳೆಯಿಂದ, ಹಂಚಿಕೊಂಡ ಇಮೇಲಿನಿಂದ. ಸಮಿತಿಗೆ ಪ್ರತ್ಯೇಕ ಇಮೇಲು, ಬೀಗದ ಬೀರು ಕೊಡಿ.

ಮುಂದಿನ ಆರು ತಿಂಗಳು ಅಧ್ಯಕ್ಷೆ ತಿಂಗಳಿಗೊಮ್ಮೆ ಆಕೆಯನ್ನೂ ಸಾಕ್ಷಿ ಹೇಳಿದವರನ್ನೂ ಮಾತಾಡಿಸಲಿ. ಸೇಡು ನೇರವಾಗಿ ಬರುವುದಿಲ್ಲ: ಊಟಕ್ಕೆ ಯಾರೂ ಜೊತೆ ಕೂರುವುದಿಲ್ಲ, ಕೆಟ್ಟ ಮಷೀನು ಸಿಗುತ್ತದೆ, ಓವರ್‌ಟೈಮ್ ಪಟ್ಟಿಯಿಂದ ಹೆಸರು ಬಿಟ್ಟುಹೋಗುತ್ತದೆ. ಹಾಜರಿ ಮತ್ತು ಓವರ್‌ಟೈಮ್ ದಾಖಲೆ ತೆಗೆದು ಹೋಲಿಸಿದರೆ ಇದು ಗೊತ್ತಾಗುತ್ತದೆ.

ವರ್ಷದ ಲೆಕ್ಕ

ಕ್ಯಾಲೆಂಡರ್ ವರ್ಷ ಮುಗಿದ ಮೇಲೆ ಸಮಿತಿ ಮಾಲೀಕರಿಗೂ ಜಿಲ್ಲಾ ಅಧಿಕಾರಿಗೂ ವರದಿ ಕೊಡಬೇಕು: ಬಂದ ದೂರು, ಇತ್ಯರ್ಥವಾದದ್ದು, 90 ದಿನ ಮೀರಿ ಬಾಕಿ ಉಳಿದದ್ದು, ನಡೆಸಿದ ತರಬೇತಿ, ಕೈಗೊಂಡ ಕ್ರಮ. ದೂರು ಒಂದೂ ಬರದಿದ್ದರೂ ಸೊನ್ನೆ ಎಂದು ಬರೆದು ಕೊಡಬೇಕು. ಕಂಪನಿಗಳಾದರೆ ಕಂಪನಿ ನಿಯಮಗಳ 2025ರ ತಿದ್ದುಪಡಿಯ ನಂತರ ನಿರ್ದೇಶಕರ ಮಂಡಳಿಯ ವರದಿಯಲ್ಲೂ ದೂರಿನ ಸಂಖ್ಯೆಗಳು ಬರಬೇಕು. ಇಂಥ ದೂರುಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಶೀ-ಬಾಕ್ಸ್ ಪೋರ್ಟಲ್‌ನಲ್ಲಿ ಸಮಿತಿಯ ವಿವರ ನೋಂದಾಯಿಸಿ, ಸದಸ್ಯರು ಬದಲಾದಾಗ ಅಲ್ಲೂ ಬದಲಿಸಿ. ಸಮಿತಿಯೇ ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಅದೇ ತಪ್ಪು ಮರುಕಳಿಸಿದರೆ ದಂಡ ಎರಡರಷ್ಟಾಗುತ್ತದೆ, ಪರವಾನಗಿಯೂ ರದ್ದಾಗಬಹುದು.

ಸೊನ್ನೆ ಎಂದು ಬರೆಯುವ ಮೊದಲು ಬೇರೆ ಬೇರೆ ಪಾಳಿಯ ಹತ್ತು ಮಹಿಳೆಯರನ್ನು ಹೊರಗಿನ ಸದಸ್ಯೆಯಿಂದ ಪ್ರತ್ಯೇಕವಾಗಿ ಕೇಳಿಸಿ: ಸಮಿತಿಯಲ್ಲಿ ಯಾರಿದ್ದಾರೆ, ದೂರು ಎಲ್ಲಿ ಕೊಡಬೇಕು? ಅರ್ಧಕ್ಕಿಂತ ಹೆಚ್ಚು ಜನಕ್ಕೆ ಗೊತ್ತಿಲ್ಲದಿದ್ದರೆ ಬೋರ್ಡು, ತರಬೇತಿ ಎರಡನ್ನೂ ಆ ತಿಂಗಳೇ ಮತ್ತೆ ಮಾಡಿ, ಹಾಗೆ ಮಾಡಿದ್ದನ್ನು ವರದಿಯಲ್ಲಿ ಬರೆಯಿರಿ.